ಸ್ಕಾಟಿಷ್ ಕಂಟ್ರಿ ನೃತ್ಯದ ವಿನ್ಯಾಸಗಳನ್ನು ನೆನಪಿಟ್ಟುಕೊಳ್ಳುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಎಡಿನ್‌ಬರೋದಲ್ಲಿ ನೆಲೆಸಿರುವ ನಾನು, ಇಲ್ಲಿನ ಚರ್ಚ್ ಸಭಾಂಗಣವೊಂದರಲ್ಲಿ ವಾರಕ್ಕೊಮ್ಮೆ ಸೇರುವ ನೃತ್ಯದ ಗುಂಪಿಗೆ ಕೆಲವು ತಿಂಗಳಿನಿಂದ ಹೋಗುತ್ತಿದ್ದೇನೆ. ಮುಖ್ಯವಾಗಿ ಸ್ಕಾಟಿಷ್ ಕಂಟ್ರಿ ನೃತ್ಯವನ್ನು ಕಲಿಸುತ್ತಾರೆ. ಆಗಾಗ ಹದಿನೇಳನೆಯ ಶತಮಾನದ ಇಂಗ್ಲಿಷ್ ನೃತ್ಯಗಳೂ ಇರುತ್ತವೆ. ಹೆಜ್ಜೆಗಳು ತಕ್ಕಮಟ್ಟಿಗೆ ಕೂಡಿಬಂದಿವೆ. ಆದರೆ ಸಂಗೀತ ಆರಂಭವಾದೊಡನೆ ಯಾವ ವಿನ್ಯಾಸದ (ನರ್ತಕರು ಸೇರಿ ಮಾಡುವ ಚಲನೆಯ) ನಂತರ ಯಾವುದು ಎಂಬುದೇ ಮರೆತುಹೋಗುತ್ತದೆ. ಇಂಗ್ಲಿಷ್ ನೃತ್ಯದಲ್ಲಿ ಒಬ್ಬರು ನಡುನಡುವೆ ಕೂಗಿ ಹೇಳುತ್ತಾರೆ. ಸ್ಕಾಟಿಷ್ ನೃತ್ಯದಲ್ಲಿ ಮೊದಲೇ ಒಮ್ಮೆ ವಿವರಿಸಿ ಸುಮ್ಮನಾಗಿಬಿಡುತ್ತಾರೆ. ಇದಕ್ಕೆ ಅಭ್ಯಾಸದ ಕ್ರಮವೇನಾದರೂ ಇದೆಯೇ? ಎರಡನ್ನೂ ಒಟ್ಟಿಗೆ ಕಲಿಯುವುದು ಸರಿಯೇ? ಘಿಲ್ಲಿ ಎಂಬ ಮೆತ್ತನೆಯ ಷೂಗಳನ್ನು ಈಗಲೇ ಕೊಳ್ಳಬೇಕೇ?

ಉತ್ತರ 1

ನೃತ್ಯವನ್ನು ಇಡಿಯಾಗಿ ನೆನಪಿಡಲು ಹೋಗಬೇಡಿ. ಹೆಚ್ಚಿನ ನೃತ್ಯಗಳ ಒಂದು ಸುತ್ತು 32 ಬಾರ್‌ಗಳದ್ದು (ಬಾರ್ ಎಂದರೆ ಸಂಗೀತದ ತಾಳದ ಒಂದು ಚಿಕ್ಕ ಅಳತೆ). ಅದನ್ನು ಎಂಟೆಂಟು ಬಾರ್‌ಗಳ ನಾಲ್ಕು ಪಾಲುಗಳಾಗಿ ಕೇಳಿಸಿಕೊಳ್ಳುವುದನ್ನು ರೂಢಿಸಿಕೊಂಡರೆ, ರಾಗ ತಿರುಗುವ ಕಡೆಯೇ ವಿನ್ಯಾಸವೂ ಬದಲಾಗುವುದು ಗೊತ್ತಾಗುತ್ತದೆ. ಹೊಸಬರು ಸಾಲಿನ ಸಂಗೀತಗಾರರತ್ತ ಇರುವ ತುದಿಯಲ್ಲಿ, ಅಂದರೆ ಮೊದಲ ಜೋಡಿಯಾಗಿ ನಿಲ್ಲಬಾರದು. ಎದುರುಬದುರಾಗಿ ಎರಡು ಸಾಲಿನಲ್ಲಿ ನಿಂತ ನಾಲ್ಕು ಜೋಡಿಗಳ ಗುಂಪಿನಲ್ಲಿ, ಅಂದರೆ ಸೆಟ್‌ನಲ್ಲಿ, ಮೂರು ಜೋಡಿಗಳ ನೃತ್ಯವಿದ್ದರೆ ಪ್ರತಿಯೊಂದು ಜೋಡಿಯೂ ಎರಡು ಸುತ್ತು ಮುನ್ನಡೆಸಿ ಕೊನೆಗೆ ಹೋಗುತ್ತದೆ. ಒಟ್ಟು ಎಂಟು ಸುತ್ತು. ಮೂರನೆಯ ಅಥವಾ ನಾಲ್ಕನೆಯ ಜೋಡಿಯಾಗಿ ನಿಂತರೆ ನಿಮ್ಮ ಸರದಿ ಬರುವ ಹೊತ್ತಿಗೆ ಅದೇ ನೃತ್ಯವನ್ನು ಹಲವು ಸಲ ಕಣ್ಣಾರೆ ಕಂಡಿರುತ್ತೀರಿ. ಕಾಯುವಾಗ ಛಾವಣಿ ನೋಡುತ್ತ ನಿಲ್ಲಬಾರದು, ಅಷ್ಟೇ. ಮೊದಲ ಜೋಡಿ ಹೊರಗಿನಿಂದ ಸುತ್ತಿ ಕೆಳಗಿಳಿಯುವಾಗ ಎರಡನೆಯ ಜೋಡಿ ಸಾಮಾನ್ಯವಾಗಿ 3 ಮತ್ತು 4ನೆಯ ಬಾರ್‌ನಲ್ಲಿ ಮೇಲಕ್ಕೆ, ಅಂದರೆ ಸಂಗೀತಗಾರರ ಕಡೆಗೆ, ಸರಿಯಬೇಕು. ಇದೊಂದು ತಪ್ಪಿದರೆ ಸಾಕು, ಜಾಗವಿಲ್ಲದೆ ಇಡೀ ಸೆಟ್ ಗೊಂದಲಕ್ಕೆ ಬೀಳುತ್ತದೆ.

ಉತ್ತರ 2

ಎರಡನ್ನೂ ಕಲಿಯಬಹುದು, ಆದರೆ ಒಂದರ ಚಾಳಿಯನ್ನು ಇನ್ನೊಂದಕ್ಕೆ ಒಯ್ಯಬಾರದು. ಜಾನ್ ಪ್ಲೇಫೋರ್ಡ್ 1651ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ 105 ಇಂಗ್ಲಿಷ್ ನೃತ್ಯಗಳ ರಾಗ ಮತ್ತು ಸಂಕ್ಷಿಪ್ತ ಸೂಚನೆಗಳಿವೆ. ಹೆಜ್ಜೆ ಹೇಗಿರಬೇಕೆಂಬ ವಿವರಣೆ ಇಲ್ಲವೆಂದೇ ಹೇಳಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜನಪದ ನೃತ್ಯಗಳ ಸಂಗ್ರಾಹಕ ಸೆಸಿಲ್ ಶಾರ್ಪ್ ಅವುಗಳನ್ನು ಪುನರ್ರಚಿಸಿದಾಗ ಬಹಳಷ್ಟನ್ನು ಊಹಿಸಬೇಕಾಯಿತು. ಹೀಗಾಗಿಯೇ ಸೈಡಿಂಗ್ ಎಂಬ ವಿನ್ಯಾಸವನ್ನು ಕೆಲವು ಗುಂಪುಗಳು ಶಾರ್ಪ್ ಹೇಳಿದಂತೆ ಜಾಗ ಬದಲಿಸಿಕೊಂಡು, ಉಳಿದವು ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಬಂದು ಹಿಂದೆ ಸರಿದು ಮಾಡುತ್ತವೆ. ನಿಮ್ಮ ಗುಂಪಿನ ಪದ್ಧತಿ ಯಾವುದೆಂದು ಮೊದಲೇ ಕೇಳಿಕೊಳ್ಳಿ. 1923ರಲ್ಲಿ ಗ್ಲಾಸ್ಗೋದಲ್ಲಿ ಜೀನ್ ಮಿಲಿಗನ್ ಮತ್ತು ಇಸೊಬೆಲ್ ಸ್ಟೀವರ್ಟ್ ಮುಂದಾಗಿ ಸ್ಥಾಪಿಸಿದ ಸ್ಕಾಟಿಷ್ ಕಂಟ್ರಿ ನೃತ್ಯದ ಸಂಘವು ಹೆಜ್ಜೆಗಳನ್ನು ಕಟ್ಟುನಿಟ್ಟಾಗಿ ನಿಗದಿಪಡಿಸಿತು. ಅದರಿಂದ ಲೋಕದ ಯಾವ ಊರಿಗೆ ಹೋದರೂ ಅಪರಿಚಿತರೊಡನೆ ಅದೇ ನೃತ್ಯ ಮಾಡಬಹುದೆಂಬುದು ನಿಜ. ಆದರೆ ಹಳ್ಳಿಗಳ ಹಳೆಯ ವೈವಿಧ್ಯ ಸ್ವಲ್ಪ ಮಾಸಿತೆಂದು ನನಗನ್ನಿಸುತ್ತದೆ.

ಉತ್ತರ 3

ಷೂ ವಿಚಾರಕ್ಕೆ ಆತುರ ಬೇಡ. ಮೆತ್ತನೆಯ, ಜಾರದ ಅಡಿಯ ಯಾವುದಾದರೂ ಸದ್ಯಕ್ಕೆ ಸಾಕು. ದಪ್ಪ ರಬ್ಬರ್ ಅಡಿಯ ಓಟದ ಷೂಗಳು ಮಾತ್ರ ನೆಲಕ್ಕೆ ಅಂಟಿಕೊಂಡು ಮಂಡಿಗೆ ಪೆಟ್ಟು ಕೊಡುತ್ತವೆ. ಮೊದಲ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ಕೋಲಾಟ ಆಡಿದವರಿಗೆ ಗೊತ್ತಿರುವಂತೆ, ಮುಂದಿನ ಕೋಲು ಯಾರದೆಂದು ಕಣ್ಣಿಗೆ ಮೊದಲು ತಿಳಿಯಬೇಕು. ಇಲ್ಲಿಯೂ ಹಾಗೆಯೇ ಮುಂದಿನ ಕೈ ಯಾರದೆಂದು ನೋಡಿದರೆ ಅರ್ಧ ನೃತ್ಯ ತಾನಾಗಿ ನಡೆಯುತ್ತದೆ. ಜೊತೆಗಾರರ ಕಾಲನ್ನಲ್ಲ, ಮುಖವನ್ನು ನೋಡಿ. ಕ್ರಿಬ್ ಎನ್ನುವ ಸಂಕ್ಷಿಪ್ತ ಟಿಪ್ಪಣಿಯನ್ನು ಹಿಂದಿನ ದಿನ ಓದುವುದು ಒಳ್ಳೆಯದು, ಆದರೆ ಬರಿದೇ ಓದಬೇಡಿ: ಮೇಜಿನ ಮೇಲೆ ಎಂಟು ನಾಣ್ಯಗಳನ್ನು ಎರಡು ಸಾಲಾಗಿ ಇಟ್ಟು, ನಿಮ್ಮದೊಂದನ್ನು ಗುರುತಿಸಿಕೊಂಡು, ಒಂದೊಂದೇ ಪಾಲಿಗೆ ಸರಿಸುತ್ತ ಹೋಗಿ. ವೇಗದ ರೀಲ್ ನೃತ್ಯಗಳಿಗಿಂತ ಮೊದಲು ನಿಧಾನಗತಿಯ ಸ್ಟ್ರಾತ್‌ಸ್ಪೇ ನೃತ್ಯಗಳನ್ನು ಆಯ್ದುಕೊಳ್ಳಿ. ಮೀನಖಂಡ ನೋಯುತ್ತದೆ, ಆದರೆ ಯೋಚಿಸಲು ಸಮಯ ಸಿಗುತ್ತದೆ.