ಸ್ಟೇಜ್‌ಗೆ ಟ್ಯಾನ್ ಬೇಕು: ಬಿಸಿಲು, ಟ್ಯಾನಿಂಗ್ ಬೆಡ್, ಸ್ಪ್ರೇ, ಇಂಜೆಕ್ಷನ್, ಯಾವುದು ಸೇಫ್?

ಸ್ಕ್ವಾಟ್‌ಪ್ರಿಯ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೊದಲ ಸಲ ಬಾಡಿಬಿಲ್ಡಿಂಗ್ ಸ್ಪರ್ಧೆಗೆ ಇಳಿಯುತ್ತಿದ್ದೇನೆ. ಡಯಟ್, ಪೋಸಿಂಗ್ ಎಲ್ಲ ಒಂದು ಹದಕ್ಕೆ ಬಂದಿದೆ, ಬಣ್ಣದ ವಿಷಯದಲ್ಲಿ ಮಾತ್ರ ತಲೆ ಕೆಟ್ಟಿದೆ. ಸ್ಟೇಜ್ ಲೈಟ್ ಬಿದ್ದರೆ ಮೈ ಬಿಳಿಚಿಕೊಂಡು ಮಸಲ್ ಕಟ್ ಕಾಣುವುದೇ ಇಲ್ಲ, ಅದಕ್ಕೇ ಎಲ್ಲರೂ ಟ್ಯಾನ್ ಮಾಡಿಕೊಳ್ಳುತ್ತಾರೆ, ಅಷ್ಟು ಗೊತ್ತು. ಹೇಗೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ದಿನಾ ಬಿಸಿಲಲ್ಲಿ ಮಲಗು, ಸ್ವಲ್ಪ ‘ಬೇಸ್ ಟ್ಯಾನ್’ ಆದರೆ ಆಮೇಲೆ ಸುಡಲ್ಲ ಅಂತ ಒಬ್ಬ. ಟ್ಯಾನಿಂಗ್ ಬೆಡ್ (ಒಳಗೆ ಮಲಗಿದರೆ ಲ್ಯಾಂಪ್ ಬೆಳಕಲ್ಲಿ ಮೈ ಕಪ್ಪಾಗಿಸುವ ಯಂತ್ರ) ಬಿಸಿಲಿಗಿಂತ ಸೇಫ್, ವಿಟಮಿನ್ ಡಿ ಕೂಡ ಸಿಗುತ್ತೆ ಅಂತ ಇನ್ನೊಬ್ಬ.

ಜಿಮ್‌ನ ಸೀನಿಯರ್ ಒಬ್ಬರು ಮೆಲನೋಟಾನ್ ಅಂತ ಪುಟ್ಟ ಬಾಟಲಿ ತೋರಿಸಿದರು. ಒಳಗೆ ಬಿಳಿ ಪುಡಿ. ಲೇಬಲ್ ಮೇಲೆ ಹೆಸರು, 10 ಎಂಜಿ, ಅಷ್ಟೇ. ತಯಾರಿಸಿದವರ ಹೆಸರಿಲ್ಲ, ಎಕ್ಸ್‌ಪೈರಿ ಡೇಟ್ ಇಲ್ಲ. ನೀರಲ್ಲಿ ಕಲಸಿ ಹೊಟ್ಟೆಗೆ ಚುಚ್ಚಿಕೊಳ್ಳಬೇಕಂತೆ. ಅದನ್ನು ನೋಡಿದ ಮೇಲೆ ಇಲ್ಲಿ ಕೇಳೋಣ ಅನ್ನಿಸಿತು. ಬಣ್ಣ ಬರಬೇಕು, ಚರ್ಮ ಹಾಳಾಗಬಾರದು. ತಿಳಿದವರು ಹೇಳಿ.

ಚರ್ಮದ_ಡಾಕ್ಟ್ರು:

ಮೊದಲು ಆ ಬಾಟಲಿಯನ್ನು ಮುಟ್ಟಬೇಡಿ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಬಿಸಿಲಿಗೆ ಚರ್ಮ ಯಾಕೆ ಕಪ್ಪಾಗುತ್ತದೆ ಅನ್ನುವುದು ಅರ್ಥವಾದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಯುವಿ (ಅಲ್ಟ್ರಾವಯಲೆಟ್) ಕಿರಣಗಳಿವೆ, ಅವುಗಳಲ್ಲಿ ಯುವಿಎ, ಯುವಿಬಿ ಅಂತ ಎರಡು ಬಗೆ. ಯುವಿಬಿ ಕಿರಣ ಚರ್ಮದ ಜೀವಕೋಶದೊಳಗೆ ಹೋಗಿ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಡಿಎನ್‌ಎ ಎಳೆಯಲ್ಲಿ ಪಕ್ಕಪಕ್ಕ ಇರುವ ಎರಡು ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಆಗ ಪಿ53 ಅನ್ನುವ ಪ್ರೋಟೀನ್ ಎಚ್ಚರಗೊಂಡು ಒಂದು ಹಾರ್ಮೋನ್ ಬಿಡುಗಡೆಯಾಗುವ ಹಾಗೆ ಮಾಡುತ್ತದೆ, ಆ ಹಾರ್ಮೋನ್ ಪಕ್ಕದ ಮೆಲನೋಸೈಟ್ ಕೋಶಗಳಿಗೆ ತಲುಪಿ ಮೆಲನಿನ್ (ಚರ್ಮಕ್ಕೆ ಬಣ್ಣ ಕೊಡುವ ವಸ್ತು) ತಯಾರಿಸಿ ಅಂತ ಹೇಳುತ್ತದೆ. ಹೀಗೆ ತಯಾರಾದ ಮೆಲನಿನ್ ಪಕ್ಕದ ಕೋಶಗಳಿಗೆ ಹೋಗಿ ಒಳಗಿನ ಡಿಎನ್‌ಎ ಮೇಲೆ ಕೊಡೆ ಹಿಡಿದ ಹಾಗೆ ಕೂರುತ್ತದೆ. ಇದಕ್ಕೆಲ್ಲ ಎರಡು ಮೂರು ದಿನ ಬೇಕು. ಅಂದರೆ ಬಣ್ಣ ಕಾಣುವ ಹೊತ್ತಿಗೆ ಪೆಟ್ಟು ಬಿದ್ದು ಆಗಿರುತ್ತದೆ. ಡಿಎನ್‌ಎಗೆ ಏನೂ ಆಗದೆ ಬರೀ ಬಣ್ಣ ಮಾತ್ರ ಬರುವ ಬಿಸಿಲು ಅಂತ ಒಂದಿಲ್ಲ.

ಬಿಸಿಲಲ್ಲಿ ನಿಂತ ಕೂಡಲೇ ಮೈ ಕಪ್ಪಾಗುತ್ತದಲ್ಲ, ಅದು ಬೇರೆ. ಯುವಿಎ ಕಿರಣಕ್ಕೆ ಮೊದಲೇ ಇದ್ದ ಮೆಲನಿನ್‌ನ ಬಣ್ಣ ಗಾಢವಾಗುತ್ತದೆ, ಹೊಸದು ಹುಟ್ಟುವುದಿಲ್ಲ. ಅದರಿಂದ ರಕ್ಷಣೆಯೂ ಹೆಚ್ಚುಕಡಿಮೆ ಸೊನ್ನೆ. 2015ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಇನ್ನೊಂದು ವಿಷಯ ತೋರಿಸಿದರು. ಯುವಿಎ ಬಿದ್ದ ಮೆಲನೋಸೈಟ್‌ಗಳನ್ನು ಕತ್ತಲಲ್ಲಿಟ್ಟ ಮೇಲೂ ಮೂರು ಗಂಟೆಗಿಂತ ಜಾಸ್ತಿ ಹೊತ್ತು ಡಿಎನ್‌ಎ ಹಾನಿ ಆಗುತ್ತಲೇ ಇತ್ತು, ಅದರಲ್ಲಿ ಮೆಲನಿನ್‌ದೇ ಪಾತ್ರ ಇತ್ತು.

ಬೇಸ್ ಟ್ಯಾನ್‌ನಿಂದ ಸಿಗುವ ರಕ್ಷಣೆ ಎಸ್‌ಪಿಎಫ್ (ಸನ್‌ಸ್ಕ್ರೀನ್ ಮೇಲೆ ಬರೆದಿರುವ ರಕ್ಷಣೆಯ ಅಂಕಿ) 3-4 ದಾಟುವುದಿಲ್ಲ. ಅಷ್ಟಕ್ಕೋಸ್ಕರ ವಾರಗಟ್ಟಲೆ ಚರ್ಮ ಕೆಡಿಸಿಕೊಳ್ಳುವುದು ಯಾವ ಲೆಕ್ಕ?

ಟ್ಯಾನಿಂಗ್ ಬೆಡ್ ಸೇಫ್ ಅನ್ನುವ ಮಾತಂತೂ ಪೂರ್ತಿ ತಪ್ಪು. ಅದರ ಬೆಳಕಲ್ಲಿ ಬಹುಪಾಲು ಯುವಿಎ, ಅದೂ ಮಧ್ಯಾಹ್ನದ ಬಿಸಿಲಿಗಿಂತ ಹಲವು ಪಟ್ಟು ಜಾಸ್ತಿ ಇರಬಹುದು. ವಿಟಮಿನ್ ಡಿ ತಯಾರಾಗಲು ಬೇಕಿರುವುದು ಯುವಿಬಿ, ಹಾಗಾಗಿ ಆ ನೆಪವೂ ನಿಲ್ಲುವುದಿಲ್ಲ, ಕೊರತೆ ಇದ್ದರೆ ಮಾತ್ರೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಈ ಬೆಡ್‌ಗಳನ್ನು ಗುಂಪು 1ಕ್ಕೆ ಸೇರಿಸಿತು. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ಖಚಿತ ಸಾಕ್ಷಿ ಇರುವ ಪಟ್ಟಿ ಅದು, ತಂಬಾಕು ಇರುವುದೂ ಅದರಲ್ಲೇ. ಎರಡರ ಅಪಾಯವೂ ಒಂದೇ ಪ್ರಮಾಣ ಅಂತ ಅರ್ಥ ಅಲ್ಲ, ಸಾಕ್ಷಿ ಅಷ್ಟು ಗಟ್ಟಿ ಅಂತ. ಬ್ರೆಜಿಲ್ ಅದೇ ವರ್ಷ ನಿಷೇಧಿಸಿತು, ಆಸ್ಟ್ರೇಲಿಯಾದ ರಾಜ್ಯಗಳೂ ದುಡ್ಡಿಗೆ ಬೆಡ್ ನಡೆಸುವುದನ್ನು ಆಮೇಲೆ ನಿಲ್ಲಿಸಿದವು.

ಈಗ ಮೆಲನೋಟಾನ್. ಮೆಲನಿನ್ ತಯಾರಿಸಿ ಅನ್ನುವ ಹಾರ್ಮೋನ್ ಹೇಳಿದೆನಲ್ಲ, ಅದರ ನಕಲು ಇದು. ಇದರ ಹತ್ತಿರದ ಸಂಬಂಧಿ ಅಫಮೆಲನೋಟೈಡ್ ಅನ್ನುವ ಔಷಧಕ್ಕೆ 2014ರಲ್ಲಿ ಯುರೋಪ್, 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿವೆ, ಆದರೆ ಅದು ಬೆಳಕು ಬಿದ್ದರೇ ಮೈ ಉರಿಯುವ ಒಂದು ಅಪರೂಪದ ಕಾಯಿಲೆಗೆ, ಡಾಕ್ಟರು ಚರ್ಮದಡಿ ಇಡುವ ಇಂಪ್ಲಾಂಟ್. ಜಿಮ್‌ಗಳಲ್ಲಿ ಓಡಾಡುವುದು ಮೆಲನೋಟಾನ್ 2, ಅದನ್ನು ಟ್ಯಾನ್‌ಗೆ ಅಂತ ಯಾರೂ ಪರೀಕ್ಷಿಸಿ ಒಪ್ಪಿಲ್ಲ. ವಾಕರಿಕೆ, ಮುಖ ಕೆಂಪೇರುವುದು, ಗಂಟೆಗಟ್ಟಲೆ ಇಳಿಯದ ನೋವಿನ ನಿಮಿರುವಿಕೆ, ಇವೆಲ್ಲ ವರದಿಯಾಗಿವೆ. ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಮಚ್ಚೆಗಳದು. ಇದ್ದ ಮಚ್ಚೆ ಕಪ್ಪಾಗುತ್ತದೆ, ಹೊಸವು ಏಳುತ್ತವೆ. ಯಾವುದು ಔಷಧದಿಂದ ಆಗಿದ್ದು, ಯಾವುದು ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್ ಅಂತ ನಮಗೇ ಗುರುತಿಸುವುದು ಕಷ್ಟವಾಗುತ್ತದೆ. ಮೂಗಿನ ಸ್ಪ್ರೇ ರೂಪದಲ್ಲಿ ಬಂದರೂ ವಸ್ತು ಅದೇ.

ಬ್ರಾಂಜರ್_ರಾಣಿ:

ಡಾಕ್ಟ್ರೇ, ಎಷ್ಟು ಚೆನ್ನಾಗಿ ಹೇಳಿದಿರಿ. ನಾನು ಸ್ಪರ್ಧಿಗಳಿಗೆ ಸ್ಟೇಜ್ ಟ್ಯಾನ್ ಹಚ್ಚುವ ಕೆಲಸ ಮಾಡುತ್ತೇನೆ, ಸ್ಪ್ರೇ ಬಗ್ಗೆ ನಾನು ಹೇಳುತ್ತೇನೆ.

ಅದರಲ್ಲಿರುವುದು ಡಿಎಚ್‌ಎ, ಒಂದು ಬಗೆಯ ಸಕ್ಕರೆ. ಚರ್ಮದ ತೀರಾ ಮೇಲಿನ ಸತ್ತ ಪದರದ ಪ್ರೋಟೀನ್ ಜೊತೆ ಸೇರಿ ಕಂದು ಬಣ್ಣ ಕೊಡುತ್ತದೆ. ಬ್ರೆಡ್ ಸುಟ್ಟಾಗ ಕಂದಾಗುವುದೂ ಇದೇ ಜಾತಿಯ ಕ್ರಿಯೆಯಿಂದ. ಕೆಲವೇ ಗಂಟೆಗಳಲ್ಲಿ ಬಣ್ಣ ಏರುತ್ತದೆ, ಆ ಪದರ ಉದುರಿದಂತೆ ಒಂದು ವಾರದಲ್ಲಿ ಹೋಗುತ್ತದೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಮಕ್ಕಳಿಗೆ ಕಾಯಿಲೆಯೊಂದಕ್ಕೆ ಇದನ್ನು ಕುಡಿಸುತ್ತಿದ್ದಾಗ, ಮೈಮೇಲೆ ಚೆಲ್ಲಿದ ಕಡೆ ಚರ್ಮ ಕಂದಾಗಿದ್ದನ್ನು ಈವಾ ವಿಟ್‌ಗೆನ್‌ಸ್ಟೈನ್ ಗಮನಿಸಿದರು. ಅಲ್ಲಿಂದ ಶುರುವಾಗಿದ್ದು ಇದು.

ಆದರೆ ಅನುಮತಿ ಇರುವುದು ಮೈಗೆ ಹಚ್ಚಲು, ಉಸಿರಿಗೆ ಎಳೆದುಕೊಳ್ಳಲು ಅಲ್ಲ. ಸ್ಪ್ರೇ ಮಾಡುವಾಗ ಕಣ್ಣಿಗೆ ಗಾಗಲ್, ಮೂಗಿಗೆ ಫಿಲ್ಟರ್, ತುಟಿಗೆ ಬಾಮ್ ಬೇಕೇ ಬೇಕು. ಯಾರಾದರೂ ‘ಏನಾಗಲ್ಲ ಬಿಡಿ’ ಅಂದರೆ ಅಲ್ಲಿಂದ ಎದ್ದು ಬನ್ನಿ. ಯುರೋಪಿನಲ್ಲಿ ಡಿಎಚ್‌ಎ 10% ಮೀರುವಂತಿಲ್ಲ, ಬಾಟಲಿ ಮೇಲೆ ಓದಿ.

ಒಂದು ದಿನ ಮುಂಚೆ ಶೇವ್ ಮಾಡಿ, ಚೆನ್ನಾಗಿ ಉಜ್ಜಿ ಸ್ನಾನ ಮಾಡಿ. ಆಮೇಲೆ ಡಿಯೋಡರೆಂಟ್, ಎಣ್ಣೆ, ಲೋಷನ್ ಏನೂ ಬೇಡ, ಡಿಯೋಡರೆಂಟ್ ಇದ್ದರೆ ಕಂಕುಳು ಹಸಿರು ಹಸಿರಾಗಿ ಕಾಣುತ್ತದೆ. ಮೊಣಕೈ, ಮೊಣಕಾಲು, ಪಾದದ ಗಂಟಿನ ಚರ್ಮ ದಪ್ಪ, ಅಲ್ಲಿ ಬಣ್ಣ ಜಾಸ್ತಿ ಹೀರುತ್ತದೆ, ಹಾಗಾಗಿ ಅಲ್ಲಿಗೆ ಮಾತ್ರ ತೆಳ್ಳಗೆ ಕ್ರೀಮ್ ಸವರುತ್ತೇನೆ. ಅಂಗೈಗೂ ಅಷ್ಟೇ, ಇಲ್ಲದಿದ್ದರೆ ಕಿತ್ತಳೆ ಬಣ್ಣಕ್ಕೆ ತಿರುಗಿ ಪೋಸ್ ಕೊಡುವಾಗ ಎದ್ದು ಕಾಣುತ್ತದೆ. ಹಿಂದಿನ ರಾತ್ರಿ ಒಂದು ಕೋಟ್, ಬೆಳಿಗ್ಗೆ ಇನ್ನೊಂದು, ಸ್ಟೇಜ್ ಹತ್ತುವ ಮುಂಚೆ ಬ್ರಾಂಜರ್. ಬ್ರಾಂಜರ್ ಸುಮ್ನೆ ಮೇಕಪ್ ಇದ್ದಂತೆ, ತೊಳೆದರೆ ಹೋಗುತ್ತದೆ. ಮುಖ್ಯವಾಗಿ, ಕೆಲವು ದಿನ ಮುಂಚೆಯೇ ಮೈಮೇಲೆ ಚಿಕ್ಕ ಜಾಗದಲ್ಲಿ ಹಚ್ಚಿ ತುರಿಕೆ ಬರುತ್ತದಾ ನೋಡಿ.

ಸಂಜೆಓಟ:

ಟ್ಯಾನಿಂಗ್ ಮಾತ್ರೆ ಅಂತಲೂ ಸಿಗುತ್ತದಲ್ವಾ? ಬಿಸಿಲಲ್ಲಿ ಮಲಗುವ ಮುಂಚೆ ನಿಂಬೆರಸ ಹಚ್ಚಿದರೆ ಬೇಗ ಬಣ್ಣ ಬರುತ್ತದೆ ಅಂತಲೂ ಓದಿದ್ದೆ.

ಚರ್ಮದ_ಡಾಕ್ಟ್ರು:

ಎರಡೂ ಬೇಡ. ಮಾತ್ರೆಯಲ್ಲಿ ಸಾಮಾನ್ಯವಾಗಿ ಇರುವುದು ಕ್ಯಾಂಥಜಾಂಥಿನ್, ಆಹಾರಕ್ಕೆ ಹಾಕುವ ಬಣ್ಣ. ಟ್ಯಾನ್ ಬರುವಷ್ಟು ನುಂಗಿದರೆ ಕಣ್ಣಿನ ರೆಟಿನಾದಲ್ಲಿ ಹರಳುಗಳಾಗಿ ಕೂರಬಹುದು. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಅದರಲ್ಲಿರುವ ರಾಸಾಯನಿಕ ಯುವಿಎ ಜೊತೆ ಸೇರಿ ಬೊಬ್ಬೆ ಏಳಬಹುದು, ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ.

ರಾಣಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಸ್ಪ್ರೇ ಬಣ್ಣ ಸನ್‌ಸ್ಕ್ರೀನ್ ಅಲ್ಲ. ಡಿಎಚ್‌ಎ ಹಚ್ಚಿದ ಮೊದಲ ದಿನ ಬಿಸಿಲಿಗೆ ಹೋದರೆ ಚರ್ಮದಲ್ಲಿ ಕೋಶಗಳಿಗೆ ಹಾನಿ ಮಾಡುವ ಫ್ರೀ ರ‍್ಯಾಡಿಕಲ್‌ಗಳು ಹೆಚ್ಚುತ್ತವೆ, ಆದ್ದರಿಂದ ನೆರಳಲ್ಲೇ ಇರಿ.

ಸ್ಕ್ವಾಟ್‌ಪ್ರಿಯ:

ತುಂಬಾ ಥ್ಯಾಂಕ್ಸ್. ಸ್ಪ್ರೇನೇ ಫೈನಲ್, ಬಾಟಲಿ ವಾಪಸ್ ಕೊಡುತ್ತೇನೆ. ಒಂದೇ ಒಂದು ಡೌಟ್. ಬೆನ್ನಿನ ಮೇಲೆ ಹಳೇ ಮಚ್ಚೆ ಇದೆ, ಅದರ ಮೇಲೂ ಹಚ್ಚಬಹುದಾ?

ಚರ್ಮದ_ಡಾಕ್ಟ್ರು:

ಹಚ್ಚಬಹುದು. ಆದರೆ ಹಚ್ಚುವ ಮುಂಚೆ ಒಂದು ಫೋಟೋ ತೆಗೆಸಿಡಿ. ಅಂಚು ಅಂಕುಡೊಂಕಾಗಿದ್ದರೆ, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಇದ್ದರೆ, ಇತ್ತೀಚೆಗೆ ಬೆಳೆದಿದ್ದರೆ ಸ್ಪರ್ಧೆ ಮುಗಿಯಲಿ ಅಂತ ಕಾಯಬೇಡಿ, ಈ ವಾರವೇ ಹತ್ತಿರದ ಚರ್ಮದ ಡಾಕ್ಟರಿಗೆ ತೋರಿಸಿ.