ಎಕ್ಸ್5, ಜಿಎಲ್‌ಇ, ಕ್ಯೂ7, ಎಕ್ಸ್‌ಸಿ90: ಒಳಾಂಗಣದಲ್ಲಿ ಲೆದರ್ ನೋಡಬೇಕೋ, ಸೀಟನ್ನೇ ನೋಡಬೇಕೋ?

ಹೆದ್ದಾರಿಹಕ್ಕಿ ಕೇಳಿದ್ದು:

ಬಿಎಂಡಬ್ಲ್ಯು ಎಕ್ಸ್5, ಮರ್ಸಿಡಿಸ್ ಜಿಎಲ್‌ಇ, ಆಡಿ ಕ್ಯೂ7, ವೋಲ್ವೋ ಎಕ್ಸ್‌ಸಿ90. ಈ ನಾಲ್ಕರಲ್ಲಿ ಒಂದನ್ನು ಆರಿಸಬೇಕು. ಎಂಜಿನ್, ಗೇರ್‌ಬಾಕ್ಸ್ ವಿಚಾರ ಬೇಡ, ಅದು ತಿಳಿದಿದೆ. ಗೊಂದಲ ಇರುವುದು ಒಳಗಿನ ಸಾಮಗ್ರಿಯ ಬಗ್ಗೆ. ಬ್ರೋಷರ್ ತೆರೆದರೆ ಸೆನ್ಸಾಟೆಕ್, ವೆರ್ನಾಸ್ಕ, ಮೆರಿನೋ, ಆರ್ಟಿಕೋ, ನಾಪಾ, ವಾಲ್ಕೋನಾ, ನಾರ್ಡಿಕೋ ಎಂದು ಸಾಲುಸಾಲು ಹೆಸರು. ಇವುಗಳಲ್ಲಿ ಯಾವುದು ನಿಜವಾದ ತೊಗಲು, ಯಾವುದು ರೆಕ್ಸಿನ್ನು? ಹೆಚ್ಚು ಬೆಲೆಯ ಲೆದರ್ ತೆಗೆದುಕೊಂಡರೆ ದೂರದ ಪ್ರಯಾಣದಲ್ಲಿ ಬೆನ್ನಿಗೆ, ತೊಡೆಗೆ ಏನಾದರೂ ಲಾಭವಿದೆಯೇ? ಹಿಂದಿನ ಸೀಟಿನಲ್ಲಿ ವಯಸ್ಸಾದವರು ಗಂಟೆಗಟ್ಟಲೆ ಕೂರುತ್ತಾರೆ. ತಿಳಿ ಬಣ್ಣದ ಒಳಾಂಗಣ, 21 ಅಥವಾ 22 ಇಂಚಿನ ಚಕ್ರ ಎರಡೂ ನೋಡಲು ಚೆನ್ನ, ಆದರೆ ತೆಗೆದುಕೊಳ್ಳಬಹುದೇ?

ತೊಗಲುತಜ್ಞ:

ಹೆಸರಿನ ಗಂಟು ಮೊದಲು ಬಿಡಿಸೋಣ. ಸೆನ್ಸಾಟೆಕ್, ಆರ್ಟಿಕೋ ಎರಡೂ ಕೃತಕ. ನಾರ್ಡಿಕೋ ಕೂಡ ತೊಗಲಲ್ಲ. ಅದರಲ್ಲಿ ಮರುಬಳಕೆಯ ಪ್ಲಾಸ್ಟಿಕ್ ಬಾಟಲಿ, ಕಾಡಿನ ಮೂಲದ ಕಚ್ಚಾವಸ್ತು, ವೈನ್ ಉದ್ಯಮದಿಂದ ಬಂದ ಬೆಂಡಿನ ಬಿರಡೆ ಸೇರಿವೆ. ವೆರ್ನಾಸ್ಕ, ಮೆರಿನೋ, ವಾಲ್ಕೋನಾ ನಿಜವಾದ ತೊಗಲು. ನಾಪಾ ಎಂಬುದು ಯಾವ ಕಂಪನಿಯ ಸ್ವತ್ತೂ ಅಲ್ಲ, ಮೃದುವಾದ ತೊಗಲಿಗೆ ಎಲ್ಲರೂ ಬಳಸುವ ಹೆಸರು. ಎಲ್ಲರಿಗೂ ಒಂದೇ ಅಳತೆಗೋಲು ಇಲ್ಲದ್ದರಿಂದ ಒಬ್ಬರ ನಾಪಾ ಇನ್ನೊಬ್ಬರ ನಾಪಾಗೆ ಸಮ ಎಂದು ಹೇಳಲು ಬರುವುದಿಲ್ಲ.

ಹೆಸರಿಗಿಂತ ಮುಖ್ಯ ಮೇಲಿನ ಲೇಪ. ಹದ ಮಾಡಿದ ತೊಗಲಿನ ಮೇಲೆ ಬಣ್ಣ ಮತ್ತು ಪಾಲಿಯುರೆಥೇನ್ ಲೇಪ ಬಳಿಯುತ್ತಾರೆ. ಲೇಪ ದಪ್ಪವಿದ್ದರೆ ಕಲೆ ಬೇಗ ಹಿಡಿಯುವುದಿಲ್ಲ, ಬಿಸಿಲು ತಡೆಯುತ್ತದೆ, ಆದರೆ ಮುಟ್ಟಿದರೆ ಸ್ವಲ್ಪ ಪ್ಲಾಸ್ಟಿಕ್ಕಿನ ಹಾಗೆ. ವೆರ್ನಾಸ್ಕ ಈ ಕಡೆಯದು. ಮೆರಿನೋದಲ್ಲಿ ಲೇಪ ತೆಳು, ರಂಧ್ರಗಳು ತೆರೆದಿರುತ್ತವೆ, ಹಾಗಾಗಿ ಅಂಗೈಗೆ ಬೆಚ್ಚಗೆ, ಮೆತ್ತಗೆ ಅನಿಸುತ್ತದೆ. ರೇಂಜ್ ರೋವರ್, ಲೆಕ್ಸಸ್‌ಗಳ ಮೇಲ್ದರ್ಜೆಯಲ್ಲಿ ಸಿಗುವ ಸೆಮಿ ಅನಿಲೀನ್, ಅಂದರೆ ತೀರಾ ತೆಳು ಲೇಪದ ತೊಗಲು, ಇನ್ನೂ ಆ ಕಡೆಗೆ ವಾಲುತ್ತದೆ. ಬೆಲೆ ಏರಿದಂತೆ ಮೃದುತ್ವ ಏರುತ್ತದೆ, ಬಾಳಿಕೆ ಅದರ ಜೊತೆಗೇ ಏರುವುದಿಲ್ಲ. ದಿನವೂ ನಾಲ್ಕಾರು ಬಾರಿ ಹತ್ತಿಳಿಯುವ ಗಾಡಿಗೆ ಲೇಪವಿರುವ ಸಾಧಾರಣ ಲೆದರ್ರೇ ಹೆಚ್ಚು ವರ್ಷ ನೋಡುವ ಹಾಗಿರುತ್ತದೆ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ.

ಇನ್ನೊಂದು: 'ಲೆದರ್ ಸೀಟು' ಎಂದರೆ ಬಹುಪಾಲು ಗಾಡಿಗಳಲ್ಲಿ ಮೈ ತಾಗುವ ಭಾಗ ಮಾತ್ರ ತೊಗಲು. ಸೀಟಿನ ಪಕ್ಕ, ಬೆನ್ನಿನ ಹಿಂಭಾಗ, ಬಾಗಿಲಿನ ಹೊದಿಕೆ ಎಲ್ಲ ಅದೇ ಬಣ್ಣದ ಕೃತಕ ವಸ್ತು. ಡ್ಯಾಶ್‌ಬೋರ್ಡಿನ ಮೇಲೆ ಹೊಲಿಗೆ ಕಂಡ ಮಾತ್ರಕ್ಕೆ ಅದು ತೊಗಲಲ್ಲ, ಜಿಎಲ್‌ಇಯಲ್ಲಿ ಅಲ್ಲಿ ಹೊದಿಸುವುದು ಆರ್ಟಿಕೋ. ಅದರಲ್ಲಿ ತಪ್ಪೇನಿಲ್ಲ. ನೇರ ಬಿಸಿಲು ಬೀಳುವ ಜಾಗಕ್ಕೆ ಕೃತಕವೇ ವಾಸಿ, ತೊಗಲು ಅಲ್ಲಿ ಒಣಗಿ ಕುಗ್ಗುತ್ತದೆ. ಆದರೆ ಕೊಡುವ ಹಣ ಯಾವ ಭಾಗಕ್ಕೆ ಎಂಬುದು ಗೊತ್ತಿರಬೇಕು. ಬೆಲೆಪಟ್ಟಿಯಲ್ಲಿ 'ಎಕ್ಸ್‌ಟೆಂಡೆಡ್' ಅಥವಾ 'ಫುಲ್' ಎಂಬ ಪದ ಇದೆಯೇ ನೋಡಿ, ಯಾವ ಯಾವ ಭಾಗಕ್ಕೆ ಎಂದು ಬರೆಸಿಕೊಳ್ಳಿ.

ಕೃತಕದಲ್ಲೂ ಎರಡು ಜಾತಿ. ಪಿವಿಸಿಯನ್ನು ಮೆತ್ತಗೆ ಇಡಲು ಸೇರಿಸುವ ದ್ರವ್ಯ ಬಿಸಿಲಿಗೆ ನಿಧಾನವಾಗಿ ಆವಿಯಾಗಿ ಹೊರಬರುತ್ತದೆ. ಮುಂದಿನ ಗಾಜಿನ ಒಳಮೈ ಮೇಲೆ ಕೂರುವ ಜಿಡ್ಡಿನ ಪರದೆಗೆ ಅದೂ ಒಂದು ಕಾರಣ. ದ್ರವ್ಯ ಹೋದಂತೆ ಹೊದಿಕೆ ಗಡುಸಾಗಿ ಬಿರಿಯುತ್ತದೆ. ಪಾಲಿಯುರೆಥೇನ್ ಜಾತಿ ಹೆಚ್ಚು ಮೃದು, ಆದರೆ ಕಡಿಮೆ ದರ್ಜೆಯದಾದರೆ ಶಾಖ ಮತ್ತು ತೇವ ಸೇರಿ ವರ್ಷಗಳ ನಂತರ ಚಕ್ಕೆಯೇಳುತ್ತದೆ.

ಬೆವರಿನ ತೊಂದರೆ ಹೆಚ್ಚಿದ್ದರೆ ಬಟ್ಟೆಯನ್ನೂ ಪರಿಗಣಿಸಿ. ವೋಲ್ವೋದಲ್ಲಿ ಉಣ್ಣೆ ಮಿಶ್ರಿತ ನೇಯ್ಗೆಯ ಸೀಟು ಕೆಲವು ಆವೃತ್ತಿಗಳಲ್ಲಿ ಸಿಗುತ್ತದೆ. ಬಿಸಿಲಿನಲ್ಲಿ ನಿಂತ ಗಾಡಿಗೆ ಹತ್ತಿದಾಗ ತೊಡೆ ಚುರುಕ್ಕೆನ್ನುವುದಿಲ್ಲ, ತಿರುವಿನಲ್ಲಿ ಮೈ ಜಾರುವುದಿಲ್ಲ. ಅಲ್ಕಂಟಾರಾ ಕೂಡ ಜಾರುವುದಿಲ್ಲ. ಮಖಮಲ್ಲಿನಂತಿರುವ ಅದು ಪ್ರಾಣಿಯ ತೊಗಲಲ್ಲ, ಸುಮಾರು 68 ಶೇಕಡಾ ಪಾಲಿಯೆಸ್ಟರ್, 32 ಶೇಕಡಾ ಪಾಲಿಯುರೆಥೇನ್. ಆದರೆ ಸ್ಟಿಯರಿಂಗ್ ಮೇಲೆ ಅದು ಬೇಡ, ಕೈಯ ಎಣ್ಣೆಗೆ ನವಿರೆಳೆಗಳು ಅಂಟಿಕೊಂಡು ಮಿರುಗತೊಡಗುತ್ತವೆ.

ಬೆನ್ನೆಲುಬು:

ಮೇಲಿನವರು ಲೆದರ್ ಬಗ್ಗೆ ಹೇಳಿದ್ದು ಸರಿ. ಆದರೆ ಬೆನ್ನುನೋವು ತರುವುದು, ತಪ್ಪಿಸುವುದು ಲೆದರ್ ಅಲ್ಲ. ಅದರ ಕೆಳಗಿನ ಫೋಮು ಮತ್ತು ಸೀಟಿನ ಆಕಾರ. ಕೂತ ತಕ್ಷಣ ಸೋಫಾದಂತೆ ಮೆತ್ತಗೆ ಅನಿಸುವ ಸೀಟು ಒಂದು ಗಂಟೆಯ ಹೊತ್ತಿಗೆ ಸೊಂಟವನ್ನು ತಗ್ಗಿಗೆ ಬಿಟ್ಟಿರುತ್ತದೆ. ಮೊದಲಿಗೆ ಗಟ್ಟಿ ಎನಿಸಿದ್ದೇ ಕೊನೆಗೆ ಹಿತವಾಗುವುದು ಹೆಚ್ಚು.

ಪರೀಕ್ಷೆ ಹೀಗೆ ಮಾಡಿ. ಸೊಂಟವನ್ನು ಹಿಂದಿನ ಮೂಲೆಗೆ ಒತ್ತಿ ಕೂತು, ಮೊದಲು ಎತ್ತರ, ಆಮೇಲೆ ಮುಂದೆ ಹಿಂದೆ, ಆಮೇಲೆ ಕುಶನ್ನಿನ ಓರೆ ಹೊಂದಿಸಿ. ಬೆನ್ನಿನ ಕೋನ ಕುಶನ್ನಿಗೆ 100ರಿಂದ 110 ಡಿಗ್ರಿ ಇರಲಿ. ಲಂಬಾರ್ ಉಬ್ಬು (ಕೆಳಬೆನ್ನಿಗೆ ಆಸರೆ ಕೊಡುವ ಭಾಗ) ಬೆಲ್ಟು ಕಟ್ಟುವ ಮಟ್ಟದಲ್ಲಿ ತಾಗಬೇಕು, ಪಕ್ಕೆಲುಬಿನ ಹತ್ತಿರ ಅಲ್ಲ. ಈಗ ಮಂಡಿಯ ಹಿಂಭಾಗ ಮತ್ತು ಕುಶನ್ನಿನ ಅಂಚಿನ ನಡುವೆ ಬೆರಳು ಇಡಿ. ಎರಡು ಮೂರು ಬೆರಳು ಹಿಡಿಸಿದರೆ ಸರಿ. ಇಡೀ ಅಂಗೈ ಹಿಡಿಸಿದರೆ ತೊಡೆಗೆ ಆಸರೆ ಸಾಲದು, ಕುಶನ್ ಮುಂದಕ್ಕೆ ಚಾಚುವ ಸೌಲಭ್ಯ ಇರುವ ಸೀಟೇ ಬೇಕು. ಹೀಗೆ ಹೊಂದಿಸಿಕೊಂಡು ಅರ್ಧ ಗಂಟೆಯಾದರೂ ಕದಲದೆ ಕೂರಿ. ಐದು ನಿಮಿಷದ ಟೆಸ್ಟ್ ಡ್ರೈವ್‌ನಲ್ಲಿ ಎಲ್ಲ ಸೀಟೂ ಚೆನ್ನಾಗಿಯೇ ಇರುತ್ತದೆ.

ಎಕ್ಸ್5ಗೆ ಐಚ್ಛಿಕವಾಗಿ ಬರುವ ಕಂಫರ್ಟ್ ಸೀಟಿನಲ್ಲಿ ಬೆನ್ನಿನ ಮೇಲರ್ಧ ಮಾತ್ರ ಪ್ರತ್ಯೇಕವಾಗಿ ಮುಂದಕ್ಕೆ ಬಾಗುತ್ತದೆ, ಭುಜಕ್ಕೆ ಆಸರೆ ಸಿಗುತ್ತದೆ. ಮೆರಿನೋಗೆ ಕೊಡುವ ಹಣವನ್ನು ಈ ಸೀಟಿಗೆ ಕೊಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಜಿಎಲ್‌ಇಯಲ್ಲಿ ಸೀಟ್ ಕೈನೆಟಿಕ್ಸ್ ಎಂಬುದಿದೆ, ಪ್ರಯಾಣದ ನಡುವೆ ಕುಶನ್ ಮತ್ತು ಬೆನ್ನಿನ ಓರೆಯನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತಿರುತ್ತದೆ. ಒಂದೇ ಭಂಗಿಯಲ್ಲಿ ಬೆನ್ನು ಮರಗಟ್ಟದಿರಲು ಅದು ನಿಜಕ್ಕೂ ನೆರವಾಗುತ್ತದೆ. ವೋಲ್ವೋದ ಸೀಟು ಹೆಚ್ಚು ಆಯ್ಕೆ ಹಾಕಿಸದೆಯೂ ಚೆನ್ನ.

ಹಿಂದಿನ ಸಾಲಿಗೆ ಬನ್ನಿ, ನಿಮ್ಮ ಪ್ರಶ್ನೆಯ ತಿರುಳು ಅಲ್ಲಿದೆ. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, ಎಕ್ಸ್5ಗೆ 2975, ಎಕ್ಸ್‌ಸಿ90ಗೆ 2984, ಜಿಎಲ್‌ಇಗೆ 2995 ಮಿ.ಮೀ., ಕ್ಯೂ7 ಕೂಡ ಇದೇ ಆಸುಪಾಸು. ಅಂದರೆ ಕಾಲಿಡುವ ಜಾಗದಲ್ಲಿ ಆಕಾಶ ಭೂಮಿಯ ಅಂತರವಿಲ್ಲ. ವ್ಯತ್ಯಾಸ ಇರುವುದು ಸೀಟು ಸರಿಯುತ್ತದೆಯೇ, ಒರಗುತ್ತದೆಯೇ, ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದರಲ್ಲಿ. ಜಿಎಲ್‌ಇಯಲ್ಲಿ ಆಯ್ಕೆ ಹಾಕಿಸಿದರೆ ಎರಡನೇ ಸಾಲು ವಿದ್ಯುತ್ತಿನಿಂದ 100 ಮಿ.ಮೀ. ವರೆಗೆ ಸರಿಯುತ್ತದೆ. ಏಳು ಸೀಟಿನ ಕ್ಯೂ7, ಎಕ್ಸ್‌ಸಿ90ಗಳಲ್ಲಿ ಎರಡನೇ ಸಾಲಿನ ಮೂರೂ ಸೀಟು ಬೇರೆ ಬೇರೆಯಾಗಿ ಸರಿಯುತ್ತವೆ. ಐದು ಸೀಟಿನ ಎಕ್ಸ್5ನಲ್ಲಿ ಹಿಂದಿನ ಸಾಲು ಸರಿಯುವುದಿಲ್ಲ.

ವಯಸ್ಸಾದವರನ್ನು ಅಲ್ಲಿ ಕೂರಿಸಿ ತೊಡೆ ಕುಶನ್ನಿಗೆ ಪೂರ್ತಿ ತಾಗುತ್ತದೆಯೇ ನೋಡಿ. ಮಂಡಿ ಮೇಲೆದ್ದು ತೊಡೆ ಗಾಳಿಯಲ್ಲಿ ನಿಂತರೆ ಸೀಟು ತಗ್ಗಾಯಿತು, ಭಾರವೆಲ್ಲ ಬಾಲಮೂಳೆಯ ಮೇಲೆ ಬೀಳುತ್ತದೆ. ಮೂರನೇ ಸಾಲಿನಲ್ಲಿ ಈ ನಾಲ್ಕೂ ಗಾಡಿಗಳಿಗೆ ಇದೇ ಕೊರತೆ, ಅದನ್ನು ಮಕ್ಕಳಿಗೆ ಬಿಡಿ. ಹತ್ತುವಾಗ ಏರ್ ಸಸ್ಪೆನ್ಷನ್ (ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿಚೀಲ) ಇರುವ ಗಾಡಿಯನ್ನು ತಗ್ಗಿಸಬಹುದು, ಮಂಡಿನೋವಿನವರಿಗೆ ಅದು ದೊಡ್ಡ ಉಪಕಾರ.

ಹೆದ್ದಾರಿಹಕ್ಕಿ:

ತುಂಬಾ ಉಪಯೋಗವಾಯಿತು ಸರ್. ವೆಂಟಿಲೇಟೆಡ್ ಸೀಟು ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ನಿಂತ ಗಾಡಿಯಲ್ಲಿ ತಿಳಿಯುವುದು ಹೇಗೆ? ಚಕ್ರದ ವಿಚಾರವನ್ನೂ ಯಾರಾದರೂ ಹೇಳಿ.

ಬೆನ್ನೆಲುಬು:

ಕೆಲವು ಸೀಟು ಗಾಳಿ ಊದುತ್ತವೆ, ಕೆಲವು ಒಳಗೆ ಎಳೆಯುತ್ತವೆ. ಫ್ಯಾನ್ ಗರಿಷ್ಠಕ್ಕಿಟ್ಟು ತೂತುಗಳ ಮೇಲೆ ತೆಳು ಟಿಶ್ಯೂ ಕಾಗದ ಇಡಿ. ಅಂಟಿಕೊಂಡರೆ ಎಳೆಯುವ ಜಾತಿ, ಅಲುಗಾಡಿ ಎದ್ದರೆ ಊದುವ ಜಾತಿ. ಎಳೆಯುವುದು ತಣ್ಣಗೆ ಎನಿಸದಿದ್ದರೂ ಬೆವರಿನ ತೇವವನ್ನು ತೆಗೆಯುತ್ತದೆ. ಎರಡೂ ಎಸಿಯಲ್ಲ, ಗಾಡಿಯ ಒಳಗಿನ ಗಾಳಿ ತಂಪಾದ ಮೇಲೆಯೇ ಪ್ರಯೋಜನ. ಹಿಂದಿನ ಸೀಟಿಗೂ ಇದೆಯೇ ಎಂದು ಪ್ರತ್ಯೇಕವಾಗಿ ಕೇಳಿ.

ಗಾಲಿಗಣಿತ:

ಚಕ್ರದ ಲೆಕ್ಕ ಸರಳ. ಟೈರಿನ ಮೇಲಿನ ಮೊದಲ ಅಂಕಿ ಮಿ.ಮೀ.ನಲ್ಲಿ ಅಗಲ, ಎರಡನೆಯದು ಪಕ್ಕಗೋಡೆ ಆ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ರಿಮ್ಮಿನ ಇಂಚು. ಎಕ್ಸ್5ನ 265/50 ಆರ್19 ಟೈರಿನ ಪಕ್ಕಗೋಡೆ 265ರಲ್ಲಿ ಅರ್ಧ, ಅಂದರೆ ಸುಮಾರು 132 ಮಿ.ಮೀ. ಅದೇ ಗಾಡಿಗೆ ಮುಂದೆ ಬರುವ 275/35 ಆರ್22ಕ್ಕೆ ಸುಮಾರು 96. ರಸ್ತೆಯ ಏಟನ್ನು ನುಂಗುವ ರಬ್ಬರು ಮತ್ತು ಗಾಳಿಯಲ್ಲಿ 36 ಮಿ.ಮೀ. ಹೋಯಿತು. ಏರ್ ಸಸ್ಪೆನ್ಷನ್ ಇದ್ದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ, ಅರ್ಧ ಮಾತ್ರ ನಿಜ. ಉಬ್ಬು ತಗ್ಗಿನ ಉದ್ದನೆಯ ಅಲೆಗಳನ್ನು ಏರ್ ಸ್ಪ್ರಿಂಗ್ ಚೆನ್ನಾಗಿ ನುಂಗುತ್ತದೆ. ಸೇತುವೆಯ ಕೀಲು, ಗುಂಡಿಯ ಅಂಚು ಇಂಥ ಚೂಪು ಏಟು ಮೊದಲು ಬೀಳುವುದು ಟೈರಿಗೆ. ಅಲ್ಲಿ ಮೆತ್ತನೆ ಇಲ್ಲದಿದ್ದರೆ ಅದು ಬುಷ್‌ಗಳ (ಸಸ್ಪೆನ್ಷನ್ನಿನ ರಬ್ಬರ್ ಜೋಡಣೆ) ಮೂಲಕ ನೇರ ಸೀಟಿಗೆ ಬರುತ್ತದೆ. ದೊಡ್ಡ ರಿಮ್ಮಿಗೆ ಭಾರವೂ ಹೆಚ್ಚು, ಹಾಗಾಗಿ ಗುಂಡಿ ದಾಟಿದ ಮೇಲೂ ಚಕ್ರ ಅದುರುತ್ತದೆ. ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರಾದರೆ ಪಕ್ಕಗೋಡೆ ಇನ್ನೂ ಬಿಗಿ.

ಈ ನಾಲ್ಕಕ್ಕೂ 19 ಅಥವಾ 20 ಇಂಚಿಗೆ ನಿಲ್ಲಿಸಿ. 22ನ್ನು ಹಿರಿಯರು ಕೂರುವ ಗಾಡಿಗೆ ಹಾಕಿಸಬೇಡಿ. ಟೆಸ್ಟ್ ಡ್ರೈವ್ ಮಾಡುವಾಗ ಎರಡು ವಿಷಯ ನೋಡಿ: ಡೆಮೋ ಗಾಡಿಯ ಚಕ್ರದ ಅಳತೆ ನೀವು ಕೊಳ್ಳುವ ಆವೃತ್ತಿಯದೇ ಇರಲಿ, ಗಾಳಿಯ ಒತ್ತಡ ಬಾಗಿಲ ಕಂಬದ ಫಲಕದಂತೆ ಇರಲಿ. ಸಾಗಾಟದ ವೇಳೆ ಹೆಚ್ಚಾಗಿ ತುಂಬಿದ ಗಾಳಿಯನ್ನು ಇಳಿಸದೆ ಬಿಟ್ಟಿದ್ದರೆ ಒಳ್ಳೆಯ ಗಾಡಿಯೂ ಕಟ್ಟಿಗೆಯಂತೆ ಓಡುತ್ತದೆ.

ಸದ್ದಿನ ವಿಚಾರವೂ ಆರಾಮದ್ದೇ. ದಣಿವು ಕಿವಿಯಿಂದಲೂ ಬರುತ್ತದೆ. ಅಕೌಸ್ಟಿಕ್ ಗಾಜಿನಲ್ಲಿ ಎರಡು ಹಾಳೆಗಳ ನಡುವೆ ಸದ್ದು ಹೀರುವ ಪದರವಿರುತ್ತದೆ. ಪಕ್ಕದ ಗಾಜನ್ನು ಅರ್ಧ ಇಳಿಸಿ ಅಂಚನ್ನು ನೋಡಿ: ಮಧ್ಯದಲ್ಲಿ ಗೆರೆ ಕಂಡರೆ ಎರಡು ಪದರ, ಕಾಣದಿದ್ದರೆ ಸಾಧಾರಣ ಗಟ್ಟಿಗಾಜು. ಮುಂದಿನ ಬಾಗಿಲಿಗೆ ಕೊಟ್ಟು ಹಿಂದಿನದಕ್ಕೆ ಕೊಡದಿರುವುದು ಉಂಟು, ಆದ್ದರಿಂದ ನಾಲ್ಕೂ ಬಾಗಿಲು ನೋಡಿ. ಒರಟು ಡಾಂಬರಿನಲ್ಲಿ ಕೇಳುವ ಗುಂಯ್ ಸದ್ದು ಟೈರಿನ ಒಳಗಿನ ಗಾಳಿಯ ಕಂಪನ, ಸುಮಾರು 200 ಹರ್ಟ್ಸ್‌ನದು. ಗಾಜು ಅದನ್ನು ತಡೆಯಲಾರದು, ಒಳಗೆ ಸ್ಪಂಜು ಅಂಟಿಸಿದ ಟೈರು ತಡೆಯುತ್ತದೆ.

ಒರೆಸುಬಟ್ಟೆ:

ತಿಳಿ ಬಣ್ಣದ ಬಗ್ಗೆ ಯಾರೂ ಹೇಳಿಲ್ಲ. ಕೆನೆ, ಬಿಳಿ ಸೀಟಿನ ಶತ್ರು ಧೂಳಲ್ಲ, ಹೊಸ ಜೀನ್ಸ್. ಅದರ ನೀಲಿ ಬಣ್ಣ ಬೆವರಿನ ಜೊತೆ ಲೇಪಕ್ಕೆ ಇಳಿಯುತ್ತದೆ. ವಾರದೊಳಗೆ ಒರೆಸಿದರೆ ಹೋಗುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಮತ್ತೆ ಬಣ್ಣ ಹಾಕಿಸಬೇಕಾಗುತ್ತದೆ. ಈ ಒಂದು ವಿಷಯದಲ್ಲಿ ಕೃತಕ ಹೊದಿಕೆ ಯಾವಾಗಲೂ ಸುಲಭ ಎಂಬ ನಂಬಿಕೆ ಸರಿಯಲ್ಲ, ಪಿವಿಸಿಯ ಒಳಕ್ಕೆ ಬಣ್ಣ ಇಳಿದರೆ ತೆಗೆಯುವುದು ಕಷ್ಟ. ಕಂದು, ಬೂದು ಮಿಶ್ರಿತ ಕಂದು ಎರಡೂ ಶಾಖಕ್ಕೂ ಕಲೆಗೂ ಒಳ್ಳೆಯ ರಾಜಿ.

ಶುಚಿ ಮಾಡುವಾಗ ಮೊದಲು ವ್ಯಾಕ್ಯೂಮ್, ಮೃದು ಬ್ರಷ್ ತುದಿಯಲ್ಲಿ. ಲೇಪದ ಮೇಲೆ ಮರಳು ಉಳಿದರೆ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಆಮೇಲೆ ತಟಸ್ಥ ಪಿಎಚ್‌ನ ಲೆದರ್ ಕ್ಲೀನರನ್ನು ಬಟ್ಟೆಗೆ ಹಾಕಿ, ಸೀಟಿಗೆ ನೇರ ಸಿಂಪಡಿಸಬೇಡಿ. ತೂತಿರುವ ಸೀಟಿನಲ್ಲಿ ದ್ರವ ಫೋಮಿಗೆ ಇಳಿದು ವಾಸನೆ ಹಿಡಿಯುತ್ತದೆ, ಕ್ರೀಮ್ ಬಳಿದರೆ ತೂತೇ ಕಟ್ಟುತ್ತದೆ. ತಿಂಗಳಿಗೊಮ್ಮೆ ಒದ್ದೆ ಮೈಕ್ರೋಫೈಬರ್, ಮೂರು ತಿಂಗಳಿಗೊಮ್ಮೆ ಕ್ಲೀನರ್ ಸಾಕು. ಲೇಪವಿರುವ ಲೆದರ್‌ಗೆ ಎಣ್ಣೆ, ಕಂಡೀಷನರ್ ಒಳಗೆ ಹೋಗುವುದೇ ಇಲ್ಲ, ಮೇಲೆ ನಿಂತು ಧೂಳು ಹಿಡಿಯುತ್ತದೆ. ಹ್ಯಾಂಡ್ ಸ್ಯಾನಿಟೈಸರ್ ಮತ್ತು ಸನ್‌ಸ್ಕ್ರೀನ್ ಲೇಪವನ್ನು ಮೆದುವಾಗಿಸಿ ಕೀಳುತ್ತವೆ. ಸ್ಟಿಯರಿಂಗ್, ಬಾಗಿಲ ಕೈಹಿಡಿ ಅಂಟಂಟಾಗಲು ಅವೂ ಕಾರಣ.

ಮೊದಲು ಸವೆಯುವುದು ಚಾಲಕನ ಸೀಟಿನ ಬಾಗಿಲ ಕಡೆಯ ಉಬ್ಬು. ಇಳಿಯುವಾಗ ಅದರ ಮೇಲೆ ಜಾರದೆ, ಎರಡೂ ಕಾಲು ಹೊರಗಿಟ್ಟು ಎದ್ದರೆ ವರ್ಷಗಟ್ಟಲೆ ಉಳಿಯುತ್ತದೆ. ಬಿಸಿಯಾಗುವ ಸೀಟಿನ ಮೇಲೆ ಮಂಡಿಯೂರಿ ಹಿಂದಿನ ಸಾಮಾನು ತೆಗೆಯಬೇಡಿ, ಒಳಗಿನ ತಂತಿ ತುಂಡಾಗುತ್ತದೆ. ಮೇಲೊಂದು ಸೀಟ್ ಕವರ್ ಹಾಕಿಸುವ ಆಲೋಚನೆ ಇದ್ದರೆ ಕೈಬಿಡಿ. ವೆಂಟಿಲೇಷನ್ ಕಟ್ಟಿಹೋಗುತ್ತದೆ, ಸೀಟಿನ ಪಕ್ಕದಿಂದ ತೆರೆಯುವ ಏರ್‌ಬ್ಯಾಗ್‌ಗೂ ಅಡ್ಡಿಯಾಗಬಹುದು.

ಕೈಗೆ ತಾಗುವ ಉಳಿದ ಜಾಗ: ಮಿರಿಮಿರಿ ಕಪ್ಪು ಪಿಯಾನೋ ಟ್ರಿಮ್ಮನ್ನು ತಪ್ಪಿಸಿ, ಒಣ ಬಟ್ಟೆಯಲ್ಲಿ ಒರೆಸಿದರೂ ಗೀರು ಬೀಳುತ್ತದೆ. ನಾರು ಕಾಣುವ ಓಪನ್ ಪೋರ್ ಮರ ಬೆರಳಚ್ಚು ತೋರಿಸುವುದಿಲ್ಲ, ಬಿಸಿಲಿಗೆ ಮಿನುಗಿ ಕಣ್ಣಿಗೆ ಹೊಡೆಯುವುದೂ ಇಲ್ಲ. ಎಸಿಯ ಗುಂಡಿಗಳನ್ನೂ ಆರಾಮದ ಲೆಕ್ಕಕ್ಕೆ ಸೇರಿಸಿ. ಜಿಎಲ್‌ಇಯಲ್ಲಿ ಗಾಳಿಕಿಂಡಿಯ ಕೆಳಗೆ ಒತ್ತುವ ಸ್ವಿಚ್ಚುಗಳ ಸಾಲು ಉಳಿದಿದೆ. 2023ರಲ್ಲಿ ಪರಿಷ್ಕರಿಸಿದ ಎಕ್ಸ್5ನಲ್ಲಿ ಅದೆಲ್ಲ ಬಾಗಿದ ಪರದೆಯೊಳಗೆ ಹೋಯಿತು. ಎಕ್ಸ್‌ಸಿ90ರಲ್ಲೂ ಪರದೆಯೇ. ನೋಡದೆ ಕೈಯಾಡಿಸಿ ತಾಪಮಾನ ಬದಲಿಸಲು ಆಗುತ್ತದೆಯೇ ಎಂದು ನಿಂತ ಗಾಡಿಯಲ್ಲೇ ಕಣ್ಣು ಮುಚ್ಚಿ ಒಮ್ಮೆ ಪ್ರಯತ್ನಿಸಿ.

ಹೆದ್ದಾರಿಹಕ್ಕಿ:

ಹಾಗಾದರೆ 20 ಇಂಚು, ಕಂದು ಬಣ್ಣ, ಲೇಪವಿರುವ ಲೆದರ್, ಸರಿಯುವ ಹಿಂದಿನ ಸೀಟು. ಜಿಎಲ್‌ಇ ಮತ್ತು ಎಕ್ಸ್‌ಸಿ90 ಎರಡರಲ್ಲೂ ಮನೆಯ ಹಿರಿಯರನ್ನು ಅರ್ಧ ಗಂಟೆ ಕೂರಿಸಿ ನೋಡುತ್ತೇನೆ.

ಬೆನ್ನೆಲುಬು:

ಅವರನ್ನು ಬರೀ ಕೂರಿಸಬೇಡಿ, ಮೂರು ಸಲ ಹತ್ತಿಸಿ ಇಳಿಸಿ. ಇಳಿಯುವಾಗ ಕೈ ಎಲ್ಲಿಗೆ ಹೋಗುತ್ತದೆ ಗಮನಿಸಿ. ಮುಂದಿನ ಸೀಟಿನ ಬೆನ್ನನ್ನು ಹಿಡಿದು ಏಳುವಂತಾದರೆ ಆ ಸೀಟು ಅವರಿಗೆ ತಗ್ಗು.