‘ಬೊಕಾಶಿ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಜಪಾನಿನ ಮರದಚ್ಚು ಕಲಾವಿದ ಹಿರೋಶಿಗೆ (1797–1858) ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮರದಚ್ಚು ಅಂದರೆ ಮರದ ಹಲಗೆಯಲ್ಲಿ ಚಿತ್ರ ಕೆತ್ತಿ, ಬಣ್ಣ ಹಚ್ಚಿ, ಕಾಗದಕ್ಕೆ ಅಚ್ಚು ಹಾಕುವುದು. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಆ ಪದ ‘ಬೊಕಾಶಿ’.

ಶಿನ್-ಓಹಾಶಿ ಸೇತುವೆಯ ಮೇಲೆ ದಿಢೀರ್ ಮಳೆ ಸುರಿಯುವ ಅವನ 1857ರ ಚಿತ್ರವನ್ನು ನೀವು ನೋಡಿರಬಹುದು. ಜನ ತಲೆ ಬಗ್ಗಿಸಿಕೊಂಡು ಹೋಗುತ್ತಿದ್ದಾರೆ. ಮಳೆ ಅಂದರೆ ಸಣ್ಣ ಸಣ್ಣ ಗೆರೆಗಳು, ಅಷ್ಟೇ. ಮೇಲಂಚಿನಲ್ಲಿ ಕಡುಕಪ್ಪು ಮೋಡ ಇದೆಯಲ್ಲ, ಅದು ಕೆಳಗಿಳಿಯುತ್ತಾ ತಿಳಿಯಾಗಿ, ಎಲ್ಲಿ ಮುಗಿಯಿತು ಅಂತ ಗೊತ್ತೇ ಆಗದ ಹಾಗೆ ಆಕಾಶದಲ್ಲಿ ಬೆರೆತುಹೋಗುತ್ತದೆ. ಅದೇ ಬೊಕಾಶಿ.

ಇದು ಕೆತ್ತನೆಯಿಂದ ಬರುವುದಲ್ಲ. ಹಲಗೆಯ ಆ ಭಾಗ ಚಪ್ಪಟೆಯಾಗೇ ಇರುತ್ತದೆ. ಅಚ್ಚು ಹಾಕುವವನು ಹಲಗೆಯನ್ನು ಒದ್ದೆ ಮಾಡಿ, ಬ್ರಶ್ಶಿನ ಒಂದು ಬದಿಗೆ ಮಾತ್ರ ಬಣ್ಣ ಹಚ್ಚಿ ಎಳೆಯುತ್ತಾನೆ. ಆಮೇಲೆ ಕಾಗದ ಹಾಸಿ ಅದರ ಬೆನ್ನಿನ ಮೇಲೆ ಉಜ್ಜುತ್ತಾನೆ. ಪ್ರತಿ ಹಾಳೆಗೂ ಮತ್ತೆ ಇದೇ ಕೈಕೆಲಸ. ಹಾಗಾಗಿ ಒಂದೇ ಅಚ್ಚಿನದಾದರೂ ಒಂದು ಹಾಳೆ ಇನ್ನೊಂದರ ಪಡಿಯಚ್ಚು ಆಗಿರುವುದಿಲ್ಲ! ಇದನ್ನು ಓದಿದ ದಿನ ನನಗೆ ತುಂಬಾ ಖುಷಿಯಾಯ್ತು.

1887ರಲ್ಲಿ ಡಚ್ ಕಲಾವಿದ ವ್ಯಾನ್ ಗೋ ಪ್ಯಾರಿಸ್‌ನಲ್ಲಿ ಕೂತು ಇದೇ ಚಿತ್ರವನ್ನು ಎಣ್ಣೆಬಣ್ಣದಲ್ಲಿ ಬರೆದ. ಸೇತುವೆ, ಮಳೆ, ಜನ ಎಲ್ಲ ಹಾಗೇ ಇದ್ದಾರೆ. ಆದರೆ ಬಣ್ಣ ಜಾಸ್ತಿ ಗಾಢ. ಹೊಳೆಯ ನೀರಿನಲ್ಲಿ ಕುಂಚದ ಗೀಟುಗಳು ಎದ್ದು ಕಾಣುತ್ತವೆ. ಅವನು ಏನು ತಗೊಂಡ, ಏನು ಬದಲಾಯಿಸಿದ ಅಂತ ಹೇಳಬೇಕಾದರೆ ಬೊಕಾಶಿಗೆ ಒಂದು ಪದ ಬೇಕೇ ಬೇಕು, ಅಲ್ವಾ?

‘ಮಸುಕು’ ಜಪಾನಿ ಪದದ ಮೂಲ ಅರ್ಥಕ್ಕೆ ಹತ್ತಿರವೇ. ಆದರೆ ಮಸುಕು ಅಂದ ಕೂಡಲೇ ನಮಗೆ ಸರಿಯಾಗಿ ಕಾಣುತ್ತಿಲ್ಲ ಅನ್ನಿಸುತ್ತದೆ. ‘ಛಾಯೆ’ ಅಂದರೆ ನೆರಳೂ ಆಗುತ್ತದೆ, ಒಂದು ಬಣ್ಣದ ಬಗೆಯೂ ಆಗುತ್ತದೆ. ಬಣ್ಣ ಇಳಿಯುತ್ತಾ ಹೋಗುವುದು ಅದರಲ್ಲಿ ಬರುವುದಿಲ್ಲ. ‘ಬಣ್ಣ ಬಿಡುವುದು’ ಅಂದರೆ ಸುಮ್ನೆ ಒಗೆದ ಸೀರೆ ನೆನಪಾಗುತ್ತದೆ.

ನನಗೆ ಹೊಳೆದದ್ದು ‘ಇಳಿಬಣ್ಣ’. ಇಳಿಸಂಜೆ, ಇಳಿಬಿಸಿಲು ಅನ್ನುತ್ತೇವಲ್ಲ, ಹಾಗೆ. ಅಲ್ಲಿಯೂ ಬೆಳಕು ತಟ್ಟನೆ ನಿಲ್ಲುವುದಿಲ್ಲ, ಮೆಲ್ಲಗೆ ಕರಗುತ್ತದೆ. ಕಿವಿಗೂ ಹಿತವಾಗಿದೆ. ಆದರೆ ಇದು ನಾನೇ ಕಟ್ಟಿದ ಪದ. ಬಳಕೆಯಲ್ಲಿರುವ ಮಾತು ಸಿಕ್ಕರೆ ಇದನ್ನು ಖುಷಿಯಿಂದ ಬಿಟ್ಟುಬಿಡುತ್ತೇನೆ.

ನಾಟಕದ ಪರದೆ ಬರೆಯುವವರು ಆಕಾಶವನ್ನು ಹೀಗೇ ಮೇಲಿಂದ ಕೆಳಕ್ಕೆ ತಿಳಿ ಮಾಡುತ್ತಾ ಬರುತ್ತಾರೆ. ಅವರು ಈ ಕೆಲಸಕ್ಕೆ ಏನನ್ನುತ್ತಾರೆ? ನಿಮ್ಮ ಊರಲ್ಲಿ ಅಂಥವರು ಇದ್ದರೆ ದಯವಿಟ್ಟು ಕೇಳಿ ತಿಳಿಸಿ.